ನಕ್ಷತ್ರಗಳ ಮುಪ್ಪನ್ನು ಗುರುತಿಸಿದ ಗುರುವರ್ಯ: ಫಾದರ್ ಆಂಜೆಲೊ ಸೆಕ್ಕಿ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ, ಇದಕ್ಕೆ ತಳಪಾಯ ಹಾಕಿದವರನ್ನೂ ಗೋಡೆ ಎಬ್ಬಿಸಿದವರನ್ನೂ ಬಲಿಪೀಠದ ಮುಂದೆ ನಿಂತು ನಮ್ಮ ಹಿರಿಯರಿಗೆ ಸಂಸ್ಕಾರಗಳನ್ನಿತ್ತ ಗುರುಗಳನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ದೇವಾಲಯವೊಂದರ ಕಂಬಗಳು ಏನೇನು ಭಾರವನ್ನು ಹೊರಬಲ್ಲವು ಎಂಬ ಯೋಚನೆ ಇಂತಹ ಸಮಯದಲ್ಲಿ ಸಹಜವಾಗಿಯೇ ಮೂಡುತ್ತದೆ. ರೋಮ್ ನಗರದಲ್ಲಿ ಸಂತ ಇಗ್ನೇಷಿಯಸರ ಹೆಸರಿನ ಒಂದು ಭವ್ಯ ದೇವಾಲಯವಿದೆ. ೧೬೨೬ರಲ್ಲಿ ಅದರ ಕಟ್ಟಡ ಆರಂಭವಾಯಿತು. ದೊಡ್ಡ ಗುಮ್ಮಟವೊಂದನ್ನು ಹೊರಲೆಂದು ಅಲ್ಲಿ ಬಲವಾದ ಕಂಬಗಳನ್ನು ನಿಲ್ಲಿಸಿದರು. ಆದರೆ ಗುಮ್ಮಟವು ಮೇಲೇರಲೇ ಇಲ್ಲ. ಆಂದ್ರೆಯಾ ಪೊಝೊ ಎಂಬ ಯೇಸುಸಭೆಯ ಸಹೋದರ ಚಿತ್ರಕಾರರು ೧೬೮೫ರಲ್ಲಿ ಒಂದು ದೊಡ್ಡ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದು ಚಾವಣಿಗೆ ಏರಿಸಿದರು. ಕೆಳಗೆ ನಿಂತು ನೋಡುವವರಿಗೆ ಅದು ನಿಜವಾದ ಗುಮ್ಮಟದಂತೆಯೇ ತೋರುತ್ತದೆ. ಹೀಗೆ ಹೊರಬೇಕಾದ ಭಾರವಿಲ್ಲದೆ ಸುಮಾರು ಇನ್ನೂರು ವರ್ಷ ನಿಂತಿದ್ದ ಆ ಕಂಬಗಳ ಮೇಲೆ ಕೊನೆಗೊಬ್ಬ ಗುರುಗಳು ದೂರದರ್ಶಕ ಯಂತ್ರಗಳನ್ನು ನಿಲ್ಲಿಸಿದರು. ಕೆಳಗೆ ಬಲಿಪೂಜೆ, ಮೇಲೆ ನಕ್ಷತ್ರ ವೀಕ್ಷಣೆ. ಆ ಗುರುಗಳೇ ಫಾದರ್ ಆಂಜೆಲೊ ಸೆಕ್ಕಿ. ಆಕಾಶದ ಸಾವಿರಾರು ನಕ್ಷತ್ರಗಳನ್ನು ಬೆಳಕಿನ ಗುಣದಿಂದ ವಿಂಗಡಿಸಿ, ತಮ್ಮ ಆಯುಷ್ಯದ ಕೊನೆಯ ಘಟ್ಟವನ್ನು ತಲುಪಿದ ನಕ್ಷತ್ರಗಳ ಒಂದು ಕುಲವನ್ನೇ ಮೊತ್ತಮೊದಲು ಬೇರ್ಪಡಿಸಿ ತೋರಿಸಿದ ಮಹನೀಯರು ಇವರು. ಇವರ ಜೀವನವನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ದೀಕ್ಷೆ

ಇಟಲಿಯ ಉತ್ತರ ಭಾಗದ ರೆಜ್ಜೊ ಎಂಬ ಊರಿನಲ್ಲಿ ೧೮೧೮ರ ಜೂನ್ ತಿಂಗಳಿನಲ್ಲಿ ಆಂಜೆಲೊ ಜನಿಸಿದರು. ತಂದೆ ಮರಗೆಲಸದವರು. ನಜರೇತಿನ ಆ ಪವಿತ್ರ ಕುಟುಂಬದ ಕಸುಬೇ ಈ ಮನೆಯ ಕಸುಬೂ ಆಗಿತ್ತು. ಉಳಿ, ಗರಗಸ, ಅಳತೆಗೋಲುಗಳ ನಡುವೆ ಬೆಳೆದ ಹುಡುಗನು ಮುಂದೆ ಯಂತ್ರೋಪಕರಣಗಳನ್ನು ತಾನೇ ಯೋಜಿಸುವಷ್ಟು ಕುಶಲನಾದುದು ಆಶ್ಚರ್ಯವಲ್ಲ. ಊರಿನ ಯೇಸುಸಭೆಯವರ ಶಾಲೆಯಲ್ಲಿ ಓದಿ, ೧೮೩೩ರ ನವೆಂಬರ್ ೩ರಂದು, ಇನ್ನೂ ಹದಿನೈದರ ಹರೆಯದಲ್ಲಿಯೇ, ರೋಮಿನಲ್ಲಿ ಆ ಸಭೆಯನ್ನು ಸೇರಿದರು.

ರೋಮಿನ ಮಹಾವಿದ್ಯಾಲಯವಾದ ಕೊಲೆಜಿಯೊ ರೊಮಾನೊ ೧೫೫೧ರಲ್ಲಿ ಸ್ಥಾಪಿತವಾದುದು. ನಾವು ಇಂದು ಗೋಡೆಗೆ ತೂಗುಹಾಕುವ ಪಂಚಾಂಗ, ಅಂದರೆ ೧೫೮೨ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗರಿಯವರು ಜಾರಿಗೆ ತಂದ ಪಂಚಾಂಗದ ಲೆಕ್ಕಾಚಾರದಲ್ಲಿ ಇದೇ ವಿದ್ಯಾಲಯದ ಫಾದರ್ ಕ್ಲಾವಿಯುಸರ ಪಾತ್ರ ಹಿರಿದು. ಇಂತಹ ಪರಂಪರೆಯ ನೆರಳಿನಲ್ಲಿ ಯುವಕ ಸೆಕ್ಕಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿತರು. ಲೊರೆತೊ ಕ್ಷೇತ್ರದ ವಿದ್ಯಾಲಯದಲ್ಲಿ ಕೆಲಕಾಲ ಭೌತಶಾಸ್ತ್ರವನ್ನು ಬೋಧಿಸಿದರು. ಬಳಿಕ ದೈವಶಾಸ್ತ್ರದ ಅಭ್ಯಾಸಕ್ಕಾಗಿ ರೋಮಿಗೆ ಮರಳಿ ೧೮೪೭ರ ಸೆಪ್ಟೆಂಬರ್ ೧೨ರಂದು ಗುರುದೀಕ್ಷೆಯನ್ನು ಪಡೆದರು.

ದೇಶಾಂತರದ ದಿನಗಳು

ದೀಕ್ಷೆಯ ಎಣ್ಣೆ ಕೈಯಿಂದ ಆರುವ ಮುನ್ನವೇ ಕಷ್ಟದ ದಿನಗಳು ಬಂದೊದಗಿದವು. ೧೮೪೮ರಲ್ಲಿ ರೋಮಿನಲ್ಲಿ ಕ್ರಾಂತಿಯ ಗಾಳಿಯೆದ್ದು, ಯೇಸುಸಭೆಯವರೆಲ್ಲರೂ ನಗರವನ್ನು ಬಿಟ್ಟು ಹೋಗಬೇಕಾಯಿತು. ಸೆಕ್ಕಿಯವರು ಮೊದಲು ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಕಾಲೇಜಿಗೂ, ಅಲ್ಲಿಂದ ಸಮುದ್ರ ದಾಟಿ ಅಮೆರಿಕದ ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನ್ ಕಾಲೇಜಿಗೂ ಹೋದರು. ಅವರ ಗುರುಗಳೂ ವೀಕ್ಷಣಾಲಯದ ನಿರ್ದೇಶಕರೂ ಆಗಿದ್ದ ಫಾದರ್ ದೆ ವಿಕೊ ಅವರು ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ತಾಯ್ನೆಲವೂ ಇಲ್ಲ, ಗುರುವೂ ಇಲ್ಲ ಎಂಬಂತಹ ಸ್ಥಿತಿ ಅದು.

ಆದರೆ ದೇವರ ಕೃಪೆಯು ಕಷ್ಟಗಳ ಮೂಲಕವೂ ಕೆಲಸ ಮಾಡುವುದುಂಟು. ಜಾರ್ಜ್‌ಟೌನಿನಲ್ಲಿ ಸುಸಜ್ಜಿತವಾದ ವೀಕ್ಷಣಾಲಯವಿತ್ತು. ಹತ್ತಿರದಲ್ಲಿಯೇ ಅಮೆರಿಕದ ನೌಕಾಪಡೆಯ ಅಧಿಕಾರಿ ಮೋರಿ ಎಂಬವರಿದ್ದರು. ಸಮುದ್ರದ ಗಾಳಿ ಮತ್ತು ಪ್ರವಾಹಗಳ ವಿಷಯದಲ್ಲಿ ಅವರು ಜಗತ್ಪ್ರಸಿದ್ಧರು. ಅವರ ಸ್ನೇಹದಿಂದ ಸೆಕ್ಕಿಯವರಿಗೆ ಹವಾಮಾನ ಶಾಸ್ತ್ರದಲ್ಲಿ ಒಲವು ಹುಟ್ಟಿತು. ಪರಿಸ್ಥಿತಿ ತಿಳಿಯಾಗಿ ಸಭೆಯವರಿಗೆ ಮರಳಲು ಅವಕಾಶ ದೊರೆತಾಗ ಅವರು ರೋಮಿಗೆ ಹಿಂದಿರುಗಿದರು. ೧೮೫೦ರಲ್ಲಿ, ಸುಮಾರು ಮೂವತ್ತೆರಡನೆಯ ವಯಸ್ಸಿನಲ್ಲಿ, ಕೊಲೆಜಿಯೊ ರೊಮಾನೊ ವೀಕ್ಷಣಾಲಯದ ನಿರ್ದೇಶಕರಾದರು. ಸಾಯುವವರೆಗೂ ಆ ಹೊಣೆಯನ್ನು ಬಿಡಲಿಲ್ಲ.

ದೇವಾಲಯದ ಮೇಲಣ ವೀಕ್ಷಣಾಲಯ

ಹಳೆಯ ವೀಕ್ಷಣಾಲಯವು ವಿದ್ಯಾಲಯದ ಗೋಪುರವೊಂದರಲ್ಲಿತ್ತು. ಎತ್ತರದ ಗೋಪುರಕ್ಕೆ ಸ್ಥಿರತೆ ಸಾಲದು. ನಕ್ಷತ್ರವನ್ನು ನೋಡುವವನಿಗೆ ಕೂದಲೆಳೆಯಷ್ಟು ನಡುಕವೂ ತೊಂದರೆಯೇ. ಆಗ ಸೆಕ್ಕಿಯವರ ಕಣ್ಣು ಸಂತ ಇಗ್ನೇಷಿಯಸರ ದೇವಾಲಯದ ಆ ಬಲವಾದ ಕಂಬಗಳ ಮೇಲೆ ಬಿತ್ತು. ಭಾರೀ ಗುಮ್ಮಟವನ್ನು ಹೊರಲೆಂದು ಕಟ್ಟಿದ ಕಲ್ಲುಕಂಬಗಳಿಗೆ ದೂರದರ್ಶಕವೆಂದರೆ ಹೂವಿನ ಭಾರ. ಜಗದ್ಗುರು ಒಂಬತ್ತನೆಯ ಪಿಯುಸರು ಬೆಂಬಲವಿತ್ತರು. ಜರ್ಮನಿಯ ಮೆರ್ಟ್ಸ್ ಎಂಬ ಪ್ರಸಿದ್ಧ ಕುಶಲಕರ್ಮಿಗಳಿಂದ ಸುಮಾರು ೨೪ ಸೆಂಟಿಮೀಟರ್ ಅಗಲದ ಮಸೂರವುಳ್ಳ ದೂರದರ್ಶಕವು ಬಂದಿತು.

ಅಲ್ಲಿ ಕುಳಿತು ಅವರು ಮಾಡಿದ ಕೆಲಸಗಳ ಪಟ್ಟಿಯನ್ನು ಕಂಡರೆ ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಸಾಧ್ಯವೇ ಎನಿಸುತ್ತದೆ. ಜೋಡಿ ನಕ್ಷತ್ರಗಳನ್ನು ಅಳೆದರು, ಮಂಗಳ ಗ್ರಹದ ಮೇಲ್ಮೈಯ ಚಿತ್ರಗಳನ್ನು ಬರೆದರು, ಧೂಮಕೇತುಗಳನ್ನು ಕಂಡುಹಿಡಿದರು, ಸೂರ್ಯನ ಕಲೆಗಳನ್ನು ದಿನದಿನವೂ ದಾಖಲಿಸಿದರು. ರೋಮಿನ ಪುರಾತನ ಆಪ್ಪಿಯ ಹೆದ್ದಾರಿಯ ಉದ್ದಕ್ಕೂ ಭೂಮಾಪನದ ಆಧಾರರೇಖೆಯೊಂದನ್ನು ಅಳೆದರು. ಗಾಳಿಯ ದಿಕ್ಕು, ವೇಗ, ಒತ್ತಡ, ಉಷ್ಣತೆ, ಮಳೆ ಇವೆಲ್ಲವನ್ನೂ ತಾನಾಗಿಯೇ ಕಾಗದದ ಮೇಲೆ ಬರೆದಿಡುವ ಯಂತ್ರವೊಂದನ್ನು ರಚಿಸಿ ೧೮೬೭ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಾಗ ಅದಕ್ಕೆ ಬಹುಮಾನವೂ, ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನನಿಂದ ಸೆಕ್ಕಿಯವರಿಗೆ ರಾಜಗೌರವವೂ ದೊರೆತವು.

ಕರಾವಳಿಯ ವಾಚಕರಿಗೆ ಹಿಡಿಸುವ ಸಂಗತಿಯೊಂದಿದೆ. ೧೮೬೫ರ ಏಪ್ರಿಲ್‌ನಲ್ಲಿ ಅಮಲೋದ್ಭವ ಮಾತೆಯ ಹೆಸರನ್ನು ಹೊತ್ತ ಪೋಪರ ಹಡಗಿನಲ್ಲಿ ಕುಳಿತು ಸೆಕ್ಕಿಯವರು ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರದೊಳಕ್ಕೆ ಇಳಿಬಿಟ್ಟರು. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುವುದೋ ಅಷ್ಟು ನೀರಿನ ತಿಳಿತನ. ಇಷ್ಟು ಸರಳವಾದ ಆ ಉಪಾಯವನ್ನು ಇಂದಿಗೂ ಸಮುದ್ರ ಮತ್ತು ಕೆರೆಗಳ ಪರೀಕ್ಷೆಯಲ್ಲಿ ಸೆಕ್ಕಿ ತಟ್ಟೆ ಎಂಬ ಹೆಸರಿನಿಂದಲೇ ಬಳಸುತ್ತಾರೆ.

೧೮೬೦ರ ಜುಲೈ ೧೮ರಂದು ಸ್ಪೇನ್ ದೇಶದಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡಿತು. ಗ್ರಹಣದ ವೇಳೆ ಸೂರ್ಯಬಿಂಬದ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಸೂರ್ಯನವೋ ಚಂದ್ರನವೋ ಅಥವಾ ಬರಿಯ ಕಣ್ಣಿನ ಭ್ರಮೆಯೋ ಎಂಬ ವಿವಾದ ಆಗ ಇತ್ತು. ಸೆಕ್ಕಿಯವರು ಒಂದು ಸ್ಥಳದಿಂದಲೂ, ಇಂಗ್ಲೆಂಡಿನ ವಾರನ್ ದ ಲಾ ರೂ ಎಂಬವರು ಬಹುದೂರದ ಇನ್ನೊಂದು ಸ್ಥಳದಿಂದಲೂ ಛಾಯಾಚಿತ್ರ ತೆಗೆದರು. ಎರಡರಲ್ಲಿಯೂ ಜ್ವಾಲೆಗಳು ಒಂದೇ ರೀತಿ ಮೂಡಿದ್ದವು. ಅವು ಸೂರ್ಯನವೇ ಎಂಬುದು ಸಿದ್ಧವಾಯಿತು. ಎಂಟು ವರ್ಷಗಳ ಮೇಲೆ, ೧೮೬೮ರ ಆಗಸ್ಟ್ ೧೮ರ ಗ್ರಹಣದ ಛಾಯೆಯು ನಮ್ಮ ಕನ್ನಡ ನಾಡಿನ ಮೇಲೆಯೇ ಹಾದುಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲರೂ, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನರೂ ಆ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿ, ಅವು ಉರಿಯುವ ಅನಿಲವೆಂದು ಕಂಡುಕೊಂಡರು. ಗ್ರಹಣವಿಲ್ಲದ ದಿನಗಳಲ್ಲಿಯೂ ಜ್ವಾಲೆಗಳನ್ನು ನೋಡುವ ಉಪಾಯ ಆಗ ದೊರೆತುದರಿಂದ, ಸೆಕ್ಕಿಯವರು ರೋಮಿನಲ್ಲಿ ಅವುಗಳನ್ನು ನಿತ್ಯವೂ ಬರೆದಿಡತೊಡಗಿದರು.

ಬೆಳಕಿನ ಭಾಷೆ

ಇವೆಲ್ಲಕ್ಕೂ ಮಿಗಿಲಾದ ಅವರ ಸಾಧನೆ ನಕ್ಷತ್ರಗಳ ರೋಹಿತದ ಅಭ್ಯಾಸ. ರೋಹಿತವೆಂದರೇನು? ಮಳೆಯ ಹನಿಗಳು ಬಿಸಿಲನ್ನು ಬಿಡಿಸಿ ಕಾಮನಬಿಲ್ಲನ್ನು ತೋರುವಂತೆ, ಗಾಜಿನ ಪಟ್ಟಕವು ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಆ ಬಣ್ಣದ ಪಟ್ಟಿಯ ನಡುನಡುವೆ ಕಪ್ಪು ಗೆರೆಗಳಿರುತ್ತವೆ. ೧೮೫೯ರಲ್ಲಿ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಎಂಬವರು, ಈ ಗೆರೆಗಳು ಆಯಾ ಮೂಲವಸ್ತುವಿನ ಸಹಿಯಿದ್ದಂತೆ ಎಂಬುದನ್ನು ತೋರಿಸಿಕೊಟ್ಟರು. ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದನ್ನು ಮನುಷ್ಯನು ಎಂದೆಂದಿಗೂ ತಿಳಿಯಲಾರನೆಂದು ಅದಕ್ಕೆ ಕೇವಲ ಕಾಲು ಶತಮಾನದ ಹಿಂದೆ ದಾರ್ಶನಿಕರು ಬರೆದಿದ್ದರು. ಆ ಬೀಗವು ಈಗ ತೆರೆಯಿತು.

ಸೆಕ್ಕಿಯವರು ೧೮೬೩ರಿಂದ ಈ ಕೆಲಸಕ್ಕೆ ಕೈಹಾಕಿದರು. ಬೇರೆ ವಿಜ್ಞಾನಿಗಳು ಕೆಲವೇ ಪ್ರಕಾಶಮಾನ ನಕ್ಷತ್ರಗಳನ್ನು ಆರಿಸಿಕೊಂಡು ಪ್ರತಿಯೊಂದು ಗೆರೆಯನ್ನೂ ಸೂಕ್ಷ್ಮವಾಗಿ ಅಳೆಯುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸರ ಮಾರ್ಗ ಅದು. ಸೆಕ್ಕಿಯವರು ಇನ್ನೊಂದು ದಾರಿ ಹಿಡಿದರು. ಅವರು ಕೇಳಿದ ಪ್ರಶ್ನೆ, ಇಷ್ಟು ಅಸಂಖ್ಯ ನಕ್ಷತ್ರಗಳಲ್ಲಿ ಕುಲಗಳೆಷ್ಟು ಎಂಬುದು. ಧರ್ಮಕೇಂದ್ರದ ಗುರುವು ತನ್ನ ಜನರ ಮನೆಮನೆಯ ಪಟ್ಟಿಯನ್ನು ಬರೆದಿಡುವಂತೆ ಅವರು ಆಕಾಶದ ಪಟ್ಟಿಯನ್ನು ಬರೆಯತೊಡಗಿದರು. ಅಂದು ಈ ಕೆಲಸಕ್ಕೆ ಛಾಯಾಚಿತ್ರದ ನೆರವಿರಲಿಲ್ಲ. ಎಲ್ಲವನ್ನೂ ಬರಿಗಣ್ಣನ್ನು ಯಂತ್ರಕ್ಕೆ ಹಚ್ಚಿ ನೋಡಿ, ಕೈಯಿಂದ ಚಿತ್ರಿಸಬೇಕಾಗಿತ್ತು. ಹೀಗೆ ನಾಲ್ಕು ಸಾವಿರಕ್ಕೂ ಮಿಕ್ಕ ನಕ್ಷತ್ರಗಳ ರೋಹಿತಗಳನ್ನು ಅವರು ಪರೀಕ್ಷಿಸಿದರು.

೧೮೬೭ರ ವೇಳೆಗೆ ಮೂರು ವರ್ಗಗಳು ಸ್ಪಷ್ಟವಾದವು. ಒಂದನೆಯದು ಬಿಳಿ ಇಲ್ಲವೆ ನೀಲಿ ಛಾಯೆಯ ನಕ್ಷತ್ರಗಳು. ಜಲಜನಕದ ಗೆರೆಗಳು ಇವುಗಳಲ್ಲಿ ದಪ್ಪವಾಗಿವೆ. ಲುಬ್ಧಕ ಮತ್ತು ಅಭಿಜಿತ್ ಈ ವರ್ಗದವು. ಎರಡನೆಯದು ನಮ್ಮ ಸೂರ್ಯನಂತೆ ಹಳದಿ ಬಣ್ಣದವು; ಲೋಹಗಳ ಸಣ್ಣ ಗೆರೆಗಳು ಇವುಗಳಲ್ಲಿ ಹೇರಳ. ಬ್ರಹ್ಮಹೃದಯವೂ, ನಮ್ಮ ರೈತರು ಮಳೆಯ ಹೆಸರಿನಿಂದ ಬಲ್ಲ ಸ್ವಾತಿಯೂ ಇಲ್ಲಿ ಸೇರುತ್ತವೆ. ಮೂರನೆಯದು ಕೆಂಪು ಛಾಯೆಯವು. ಇವುಗಳಲ್ಲಿ ಗೆರೆಗಳ ಬದಲು ಅಗಲವಾದ ಪಟ್ಟಿಗಳಿವೆ. ಸಾಲುಕಂಬಗಳ ಮೇಲೆ ಒಂದು ಪಕ್ಕದಿಂದ ಬೆಳಕು ಬಿದ್ದಾಗ ಒಂದು ಅಂಚು ಖಚಿತವಾಗಿಯೂ ಇನ್ನೊಂದು ಅಂಚು ಮಸುಕುಮಸುಕಾಗಿಯೂ ಕಾಣುವಂತೆ ಈ ಪಟ್ಟಿಗಳು ಕಾಣುತ್ತವೆ. ಆರ್ದ್ರಾ ಮತ್ತು ಜ್ಯೇಷ್ಠಾ ನಕ್ಷತ್ರಗಳು ಈ ವರ್ಗದವು.

ಕಡುಕೆಂಪು ನಕ್ಷತ್ರಗಳ ಕುಲ

ಇಷ್ಟಕ್ಕೆ ನಿಲ್ಲಿಸಿದ್ದರೂ ಸೆಕ್ಕಿಯವರ ಹೆಸರು ಉಳಿಯುತ್ತಿತ್ತು. ಆದರೆ ಅವರು ಮಂಕಾದ ಕೆಂಪು ನಕ್ಷತ್ರಗಳನ್ನೂ ಬಿಡದೆ ನೋಡಿದರು. ೧೮೬೮ರಲ್ಲಿ ಅವರಿಗೆ ವಿಚಿತ್ರವೊಂದು ಕಂಡಿತು. ಕಡುಕೆಂಪಾದ ಕೆಲವು ನಕ್ಷತ್ರಗಳಲ್ಲಿ ಪಟ್ಟಿಗಳು ತಿರುಗುಮುರುಗಾಗಿವೆ. ಮೂರನೆಯ ವರ್ಗದಲ್ಲಿ ಪಟ್ಟಿಯ ನೇರಿಳೆ ಕಡೆಯ ಅಂಚು ಖಚಿತವಾಗಿದ್ದರೆ ಇವುಗಳಲ್ಲಿ ಕೆಂಪು ಕಡೆಯ ಅಂಚು ಖಚಿತ. ಬಣ್ಣ ಹೆಚ್ಚುಕಡಿಮೆ ಒಂದೇ, ಮುಖ ಮಾತ್ರ ಬೇರೆ. ಇಂಗಾಲದ ಸಂಯುಕ್ತಗಳ ಬೆಳಕಿನೊಡನೆ ಹೋಲಿಸಿ ನೋಡಿದಾಗ ಇವು ಇಂಗಾಲದ ಪಟ್ಟಿಗಳೇ ಎಂದು ಅವರಿಗೆ ಮನವರಿಕೆಯಾಯಿತು. ನಮ್ಮ ಒಲೆಯ ಇದ್ದಿಲಿನಲ್ಲಿರುವ ವಸ್ತುವೇ ಆ ದೂರದ ಜ್ಯೋತಿಗಳ ಹೊರ ಆವರಣವನ್ನು ತುಂಬಿತ್ತು! ಇದೇ ಅವರ ನಾಲ್ಕನೆಯ ವರ್ಗ. ಇಂದಿನವರು ಇವನ್ನು ಇಂಗಾಲದ ನಕ್ಷತ್ರಗಳೆನ್ನುತ್ತಾರೆ. ಇವುಗಳಲ್ಲಿ ಒಂದು ಸಪ್ತರ್ಷಿ ಮಂಡಲದ ಸಮೀಪದ ಪುಟ್ಟ ರಾಶಿಯಲ್ಲಿದೆ. ಅದರ ರೋಹಿತದ ಸೊಬಗಿಗೆ ಮಾರುಹೋದ ಸೆಕ್ಕಿಯವರು ಅದಕ್ಕೆ ಲಾ ಸುಪೆರ್ಬಾ, ಅಂದರೆ ಭವ್ಯವಾದುದು, ಎಂದು ಹೆಸರಿಟ್ಟರು. ಕೆಲಕಾಲದ ಬಳಿಕ ಹೊಳೆಯುವ ಗೆರೆಗಳುಳ್ಳ ವಿರಳ ನಕ್ಷತ್ರಗಳಿಗೆ ಐದನೆಯ ವರ್ಗವನ್ನೂ ಅವರು ಸೇರಿಸಿದರು.

ಈ ಕೆಂಪು ನಕ್ಷತ್ರಗಳು ಏನನ್ನು ಹೇಳುತ್ತಿವೆ ಎಂಬುದು ಅಂದು ಪೂರ್ತಿಯಾಗಿ ತಿಳಿದಿರಲಿಲ್ಲ. ಜರ್ಮನಿಯ ಫೋಗೆಲ್ ಎಂಬವರು ೧೮೭೪ರಲ್ಲಿ, ಬಿಳಿಯವು ಎಳೆಯವು, ಹಳದಿಯವು ನಡುಹರೆಯದವು, ಕೆಂಪಾದವು ಮುದಿಯವು ಎಂದು ವರ್ಗಗಳನ್ನು ವಯಸ್ಸಿನ ಸಾಲಿನಲ್ಲಿ ಜೋಡಿಸಿದರು. ಅದು ಅರ್ಧ ಸತ್ಯ. ಚಿಕ್ಕದಾಗಿ ಹುಟ್ಟಿದ ನಕ್ಷತ್ರವು ಎಳೆಯದಿದ್ದಾಗಲೂ ಕೆಂಪಾಗಿಯೇ ಇರುತ್ತದೆ. ಬಣ್ಣದ ಜೊತೆಗೆ ನಕ್ಷತ್ರದ ನಿಜವಾದ ಕಾಂತಿಯನ್ನೂ ತಿಳಿದಾಗ ಮಾತ್ರ ಕುಬ್ಜ ಯಾವುದು, ಉಬ್ಬಿದ ದೈತ್ಯ ಯಾವುದು ಎಂಬುದು ತಿಳಿಯುತ್ತದೆ. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆರ್ಟ್ಸ್‌ಸ್ಪ್ರುಂಗ್ ಮತ್ತು ರಸೆಲ್ ಎಂಬ ವಿಜ್ಞಾನಿಗಳು ಸ್ಪಷ್ಟಪಡಿಸಿದರು.

ನಕ್ಷತ್ರವೊಂದರ ಆಯುಷ್ಯ ಕೋಟಿ ಕೋಟಿ ವರ್ಷಗಳದು. ಯಾವ ಮನುಷ್ಯನೂ ಒಂದು ನಕ್ಷತ್ರ ಹುಟ್ಟಿ ಬೆಳೆದು ಮುಪ್ಪಾಗುವುದನ್ನು ಕಾದು ನೋಡಲಾರ. ಹಾಗಾದರೆ ವಿಜ್ಞಾನಿಗಳಿಗೆ ಇದು ತಿಳಿದದ್ದಾದರೂ ಹೇಗೆ? ಪರದೇಶಿಯೊಬ್ಬನು ಒಂದು ಭಾನುವಾರ ನಮ್ಮ ದೇವಾಲಯದ ಬಾಗಿಲಲ್ಲಿ ಒಂದು ಗಂಟೆ ಮಾತ್ರ ನಿಂತನೆಂದುಕೊಳ್ಳೋಣ. ಜ್ಞಾನಸ್ನಾನಕ್ಕೆ ತಂದ ಹಸುಳೆ, ಪ್ರಥಮ ಪರಮಪ್ರಸಾದದ ಮಕ್ಕಳು, ಮದುವೆಯ ಓಲೆ ಹಿಡಿದ ತರುಣರು, ಊರುಗೋಲಿನ ಅಜ್ಜಂದಿರು ಎಲ್ಲರನ್ನೂ ಅವನು ಕಾಣುತ್ತಾನೆ. ಅಷ್ಟರಿಂದಲೇ ಮನುಷ್ಯನ ಬಾಳಿನ ನಡೆಯನ್ನು ಅವನು ಊಹಿಸಬಲ್ಲ. ಆದರೆ ಅದಕ್ಕೆ ಮೊದಲು ಮಗು ಯಾರು, ಮುದುಕ ಯಾರು ಎಂದು ವಿಂಗಡಿಸಬೇಕು. ಸೆಕ್ಕಿಯವರು ಮಾಡಿಕೊಟ್ಟದ್ದು ಆ ವಿಂಗಡಣೆಯನ್ನು.

ಇಂದು ನಮಗೆ ತಿಳಿದಿರುವುದಿಷ್ಟು. ಸೂರ್ಯನಂತಹ ನಕ್ಷತ್ರವು ತನ್ನ ಒಡಲಿನ ಜಲಜನಕವನ್ನು ಹೀಲಿಯಂ ಆಗಿಸುತ್ತ ಸುಮಾರು ಸಾವಿರ ಕೋಟಿ ವರ್ಷ ಬೆಳಗುತ್ತದೆ. ನಮ್ಮ ಸೂರ್ಯನಿಗೆ ಈಗ ಸುಮಾರು ೪೬೦ ಕೋಟಿ ವರ್ಷ, ಇದು ನಡುಹರೆಯ. ಒಡಲಿನ ಜಲಜನಕ ತೀರಿದಾಗ ಗರ್ಭ ಕುಗ್ಗಿ, ಹೊರಮೈ ಉಬ್ಬಿ, ತಣ್ಣಗಾಗಿ ಕೆಂಪಾಗುತ್ತದೆ. ಅದು ಕೆಂಪು ದೈತ್ಯ. ಒಳಗೆ ಶಾಖವು ಹತ್ತು ಕೋಟಿ ಡಿಗ್ರಿಯನ್ನು ಮುಟ್ಟಿದಾಗ ಮೂರು ಹೀಲಿಯಂ ಪರಮಾಣುಗಳ ಬೀಜಗಳು ಕೂಡಿ ಇಂಗಾಲವಾಗುತ್ತವೆ. ಸೂರ್ಯನಿಗಿಂತ ಸ್ವಲ್ಪ ಭಾರವಾದ ಕೆಲವು ನಕ್ಷತ್ರಗಳಲ್ಲಿ, ಬಾವಿಯ ತಳದ ಕೆಸರು ಕಲಕಿ ಮೇಲೆ ಬರುವಂತೆ, ಒಳಗಿನ ಇಂಗಾಲವು ಹೊರಮೈಗೆ ಏರಿಬರುತ್ತದೆ.

ಸೆಕ್ಕಿಯವರ ಮೂರನೆಯ ಮತ್ತು ನಾಲ್ಕನೆಯ ವರ್ಗಗಳ ವ್ಯತ್ಯಾಸದ ಗುಟ್ಟು ಇಲ್ಲಿಯೇ ಇದೆ. ಇಂಗಾಲವೂ ಆಮ್ಲಜನಕವೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಜೋಡಿಯಾಗುತ್ತವೆ. ಆಮ್ಲಜನಕ ಹೆಚ್ಚಿದ್ದರೆ ಇಂಗಾಲವೆಲ್ಲ ಜೋಡಿಯಲ್ಲಿ ಮುಗಿದು, ಉಳಿದ ಆಮ್ಲಜನಕವು ಟೈಟಾನಿಯಂ ಲೋಹದೊಡನೆ ಕೂಡಿ ತನ್ನ ಪಟ್ಟಿಗಳನ್ನು ಮೂಡಿಸುತ್ತದೆ. ಇದು ಮೂರನೆಯ ವರ್ಗ. ಈ ಪಟ್ಟಿಗಳು ಟೈಟಾನಿಯಂ ಆಕ್ಸೈಡಿನವೆಂದು ೧೯೦೪ರಲ್ಲಿ ಆಲ್ಫ್ರೆಡ್ ಫೌಲರರು ಗುರುತಿಸಿದರು. ಇಂಗಾಲವೇ ಹೆಚ್ಚಾದರೆ ಉಳಿದ ಇಂಗಾಲವು ತನ್ನ ಸಹಿಯನ್ನು ಹಾಕುತ್ತದೆ. ಇದು ನಾಲ್ಕನೆಯ ವರ್ಗ. ಹೀಗೆ ಅವರು ಬರಿಯ ಕಣ್ಣಿನಿಂದ ಕಂಡ ಒಂದು ಅಂಚಿನ ವ್ಯತ್ಯಾಸವು, ನಕ್ಷತ್ರದ ಗರ್ಭದಲ್ಲಿ ನಡೆದ ಮಹಾಕಾರ್ಯವೊಂದರ ಗುರುತಾಗಿತ್ತು.

ಇಂತಹ ನಕ್ಷತ್ರವು ತನ್ನ ಹೊರಮೈಯನ್ನು ಸ್ವಲ್ಪಸ್ವಲ್ಪವಾಗಿ ಆಕಾಶಕ್ಕೆ ಚೆಲ್ಲಿಬಿಡುತ್ತದೆ. ಚೆಲ್ಲಿದ ಅನಿಲವು ಕೆಲಕಾಲ ಉಂಗುರದಂತೆ ಬೆಳಗುತ್ತದೆ; ನಡುವೆ ಉಳಿಯುವ ಪುಟ್ಟ ಬಿಸಿಗೆಂಡವೇ ಶ್ವೇತಕುಬ್ಜ. ಆರ್ದ್ರಾ, ಜ್ಯೇಷ್ಠಾಗಳಂತಹ ಅತಿ ಭಾರದ ನಕ್ಷತ್ರಗಳಾದರೋ ಕೊನೆಗೆ ಸಿಡಿದುಹೋಗುವಂಥವು. ೨೦೧೯ರ ಕೊನೆಯಲ್ಲಿ ಆರ್ದ್ರೆಯು ಎದ್ದುಕಾಣುವಷ್ಟು ಮಂಕಾದಾಗ ಆ ಗಳಿಗೆ ಬಂದಿತೇ ಎಂದು ಜಗತ್ತು ಕೇಳಿತು. ಅದು ತಾನೇ ಹೊರಚೆಲ್ಲಿದ ಧೂಳಿನ ಮರೆಯೆಂದು ಬಳಿಕ ತಿಳಿದುಬಂದಿತು. ಮುಪ್ಪಿನ ನಕ್ಷತ್ರಗಳು ಹೀಗೆ ದಾನಮಾಡಿದ ಇಂಗಾಲವೇ ಹೊಸ ನಕ್ಷತ್ರಗಳಿಗೂ ಭೂಮಿಗೂ ಗಿಡಮರಗಳಿಗೂ ನಮ್ಮ ಶರೀರಗಳಿಗೂ ಬಂದುದು. ಬೂದಿ ಬುಧವಾರ ಗುರುಗಳು ನಮ್ಮ ಹಣೆಗೆ ಹಚ್ಚುವ ಆ ಕಪ್ಪಿನಲ್ಲಿಯೂ ಅಂತಹ ಪುರಾತನ ನಕ್ಷತ್ರಗಳ ಪಾಲಿದೆ ಎಂದು ನೆನೆದರೆ ಮನಸ್ಸು ನಮ್ರವಾಗುತ್ತದೆ.

ಸತ್ವಪರೀಕ್ಷೆ

ಸೆಕ್ಕಿಯವರ ಕೀರ್ತಿ ಉನ್ನತಿಯಲ್ಲಿದ್ದಾಗಲೇ ಅವರ ಸತ್ವಪರೀಕ್ಷೆಯ ಕಾಲವೂ ಬಂದಿತು. ೧೮೭೦ರ ಸೆಪ್ಟೆಂಬರ್ ೨೦ರಂದು ಇಟಲಿಯ ಸೈನ್ಯವು ರೋಮನ್ನು ವಶಪಡಿಸಿಕೊಂಡಿತು. ಜಗದ್ಗುರುಗಳ ರಾಜ್ಯವು ಮುಗಿಯಿತು. ಹೊಸ ಸರಕಾರಕ್ಕೆ ಸೆಕ್ಕಿಯಂತಹ ಜಗದ್ವಿಖ್ಯಾತರು ಬೇಕಾಗಿದ್ದರು. ರೋಮ್ ವಿಶ್ವವಿದ್ಯಾನಿಲಯದಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ನೀಡಿದರು. ಮೊದಲು ಅವರು ಒಪ್ಪಿದರು. ಆದರೆ ಆ ಪೀಠದೊಡನೆ ಹೊಸ ಆಳ್ವಿಕೆಗೆ ನಿಷ್ಠೆಯ ಪ್ರಮಾಣವಚನವೂ ಬರುತ್ತಿತ್ತು. ಜಗದ್ಗುರುಗಳಿಗೆ ವಿಧೇಯತೆಯ ವ್ರತ ತೊಟ್ಟವರಿಗೆ ಅದು ಸಾಧ್ಯವಾಗದ ಮಾತು. ಅವರು ಪೀಠವನ್ನು ಬಿಟ್ಟುಕೊಟ್ಟರು.

ಹಾಗೆಂದು ದೇಶದ ವಿಜ್ಞಾನಿಗಳೊಡನೆ ಅವರು ಮುನಿಸಿಕೊಳ್ಳಲಿಲ್ಲ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಸಿಲಿಯಲ್ಲಿ ಸೂರ್ಯಗ್ರಹಣವಾದಾಗ ಇಟಲಿಯ ತಂಡದೊಡನೆ ಅವರೂ ಹೋದರು. ೧೮೭೧ರಲ್ಲಿ ತಾಕಿನಿ ಎಂಬ ವಿಜ್ಞಾನಿಯೊಡನೆ ಸೇರಿ ರೋಹಿತ ಶಾಸ್ತ್ರಜ್ಞರ ಸಂಘವೊಂದನ್ನು ಕಟ್ಟಿದರು. ಒಂದು ಪಕ್ಷದವರಿಗೆ ಅವರು ಸಭೆಯ ಕಟ್ಟಾ ಗುರು, ಇನ್ನೊಂದು ಪಕ್ಷದವರಿಗೆ ವಿರೋಧಿಗಳೊಡನೆ ಕೈಕುಲುಕಿದವರು. ಎರಡು ಕಡೆಯ ಅಸಮಾಧಾನವನ್ನೂ ಅವರು ಹೊತ್ತುಕೊಳ್ಳಬೇಕಾಯಿತು.

೧೮೭೩ರಲ್ಲಿ ಧಾರ್ಮಿಕ ಸಭೆಗಳ ಆಸ್ತಿಗಳನ್ನು ಸರಕಾರವು ಕಾನೂನಿನ ಮೂಲಕ ತನ್ನದಾಗಿಸಿಕೊಂಡಿತು. ಕೊಲೆಜಿಯೊ ರೊಮಾನೊ ಕೈತಪ್ಪಿತು. ಇಪ್ಪತ್ತಮೂರು ವರ್ಷ ಬೆವರು ಸುರಿಸಿ ಬೆಳೆಸಿದ ವೀಕ್ಷಣಾಲಯವೂ ಹೋಗುವ ಹಂತಕ್ಕೆ ಬಂದಿತು. ಸೆಕ್ಕಿಯವರು ಬಲವಾಗಿ ಪ್ರತಿಭಟಿಸಿದರು. ಅವರನ್ನು ಹೊರಹಾಕಿದರೆ ಯೂರೋಪಿನ ವಿದ್ವಾಂಸರೆದುರು ತಲೆತಗ್ಗಿಸಬೇಕಾಗುವುದೆಂಬ ಅಳುಕು ಆಳುವವರಲ್ಲಿಯೂ ಇತ್ತು. ಅಂತೂ ಅವರು ಬದುಕಿರುವ ತನಕ ನಿರ್ದೇಶಕರಾಗಿ ಮುಂದುವರಿಯಲು ಬಿಟ್ಟರು. ಸುತ್ತಲೂ ತಮ್ಮವರ ಕೋಣೆಗಳು ಬರಿದಾಗುತ್ತಿದ್ದ ಆ ವರ್ಷಗಳಲ್ಲಿಯೂ ಅವರು ಸೂರ್ಯನನ್ನು ಕುರಿತ ತಮ್ಮ ಮಹಾಗ್ರಂಥವನ್ನು ತಿದ್ದಿ ವಿಸ್ತರಿಸಿದರು. ನಕ್ಷತ್ರಗಳನ್ನು ಕುರಿತ ಗ್ರಂಥವನ್ನು ೧೮೭೭ರಲ್ಲಿ ಪ್ರಕಟಿಸಿದರು. ಜಠರದ ಕಾಯಿಲೆ ಆಗಲೇ ಅವರನ್ನು ಸವೆಸುತ್ತಿತ್ತು.

೧೮೭೮ರ ಫೆಬ್ರವರಿ ೭ರಂದು ಜಗದ್ಗುರು ಒಂಬತ್ತನೆಯ ಪಿಯುಸರು ದೈವಾಧೀನರಾದರು. ೨೦ರಂದು ಹದಿಮೂರನೆಯ ಲಿಯೊ ಅವರು ಆರಿಸಲ್ಪಟ್ಟರು. ಅದೇ ೨೬ರಂದು ಫಾದರ್ ಸೆಕ್ಕಿಯವರು ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಮರುವರ್ಷ ವೀಕ್ಷಣಾಲಯವು ಸರಕಾರದ ವಶವಾಗಿ, ಅವರ ಮಿತ್ರ ತಾಕಿನಿಯವರೇ ಅದರ ಹೊಣೆ ಹೊತ್ತರು.

ಬಿತ್ತಿದ ಬೀಜದ ಫಲ

ಸೆಕ್ಕಿಯವರ ಕೆಲಸವು ಅವರೊಡನೆ ಮಣ್ಣಾಗಲಿಲ್ಲ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಮೀನಾ ಫ್ಲೆಮಿಂಗ್, ಆನಿ ಕ್ಯಾನನ್ ಮೊದಲಾದ ಮಹಿಳೆಯರು ಅದನ್ನು ವಿಸ್ತರಿಸಿ ಎರಡು ಲಕ್ಷ ಇಪ್ಪತ್ತೈದು ಸಾವಿರ ನಕ್ಷತ್ರಗಳನ್ನು ವರ್ಗೀಕರಿಸಿದರು. ಇಂದು ಜಗತ್ತು ಬಳಸುವ ಅಕ್ಷರಗಳ ವರ್ಗೀಕರಣ ಹೀಗೆ ಬಂದುದು. ಜಗದ್ಗುರು ಹದಿಮೂರನೆಯ ಲಿಯೊ ಅವರು ೧೮೯೧ರಲ್ಲಿ ವ್ಯಾಟಿಕನ್ ವೀಕ್ಷಣಾಲಯವನ್ನು ಮತ್ತೆ ಕಟ್ಟಿ, ಧರ್ಮಸಭೆಯು ನಿಜವಾದ ವಿಜ್ಞಾನಕ್ಕೆ ವೈರಿಯಲ್ಲವೆಂಬುದನ್ನು ಲೋಕಕ್ಕೆ ಸಾರಿದರು. ಚಂದ್ರನ ಮೇಲಿನ ಒಂದು ಕುಳಿಗೂ ಮಂಗಳನ ಮೇಲಿನ ಒಂದು ಕುಳಿಗೂ ಸೆಕ್ಕಿಯವರ ಹೆಸರಿದೆ. ೨೦೦೬ರಲ್ಲಿ ಸೂರ್ಯನ ಅಧ್ಯಯನಕ್ಕೆಂದು ಅಮೆರಿಕ ಹಾರಿಸಿದ ಅವಳಿ ನೌಕೆಗಳ ಉಪಕರಣಗಳಿಗೂ ಅವರ ಹೆಸರನ್ನೇ ಇಟ್ಟರು.

ನಮ್ಮ ದೇಶಕ್ಕೂ ಈ ಬೆಳಕಿನ ಕಿರಣಗಳು ಬಂದಿವೆ. ೧೮೭೪ರ ಡಿಸೆಂಬರ್ ೯ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿದುದನ್ನು ನೋಡಲು ತಾಕಿನಿಯವರು ಬಂಗಾಳಕ್ಕೆ ಬಂದಾಗ ಕಲ್ಕತ್ತೆಯ ಯೇಸುಸಭೆಯ ಫಾದರ್ ಲಫೋಂ ಅವರೊಡನಿದ್ದರು. ಮರುವರ್ಷ ಲಫೋಂ ಅವರು ಕಲ್ಕತ್ತೆಯ ಸಂತ ಜೇವಿಯರರ ಕಾಲೇಜಿನಲ್ಲಿ ವೀಕ್ಷಣಾಲಯವನ್ನು ಕಟ್ಟಿದರು. ಸೆಕ್ಕಿಯವರು ತೀರಿಕೊಂಡ ೧೮೭೮ರ ಕೊನೆಯ ದಿನವೇ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿನ ನೆಲದಲ್ಲಿ ಕಾಲಿರಿಸಿದರು. ೧೮೮೦ರಲ್ಲಿ ಸಂತ ಅಲೋಶಿಯಸರ ಕಾಲೇಜು ಆರಂಭವಾಯಿತು. ವಿದ್ಯೆಯನ್ನೂ ವಿಶ್ವಾಸವನ್ನೂ ಒಂದೇ ಸೂರಿನಡಿಯಲ್ಲಿ ಬೆಳೆಸಿದ ಅದೇ ಪರಂಪರೆ ಅದು. ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ವಿಜ್ಞಾನಿಗಳು ಮುಪ್ಪಿನ ನಕ್ಷತ್ರಗಳ ರೋಹಿತಗಳನ್ನು ಓದುತ್ತಿದ್ದಾರೆ.

ಪ್ರಿಯ ವಾಚಕರೆ, ಸೆಕ್ಕಿಯವರ ಬಾಳಿನಿಂದ ನಾವು ಕಲಿಯಬೇಕಾದುದೇನು? ವಿಶ್ವಾಸವನ್ನು ಉಳಿಸಿಕೊಳ್ಳಲು ಬುದ್ಧಿಯ ಕಣ್ಣನ್ನು ಮುಚ್ಚಬೇಕಾಗಿಲ್ಲ. ಸತ್ಯವನ್ನು ಅರಸಲು ಕೊಟ್ಟ ಮಾತನ್ನು ಮುರಿಯಬೇಕಾಗಿಯೂ ಇಲ್ಲ. ಅವರು ದೊಡ್ಡ ಪೀಠವನ್ನು ತೊರೆದರು, ಆದರೆ ಕೆಲಸವನ್ನು ತೊರೆಯಲಿಲ್ಲ. ಇರುವಷ್ಟು ದಿನ, ಕೈಯಲ್ಲಿರುವ ಉಪಕರಣದಿಂದ, ಮುಂದಿರುವ ನಕ್ಷತ್ರವನ್ನು ನೋಡಿದರು. ಕಂಡುದನ್ನು ಕಂಡಂತೆ ಬರೆದಿಟ್ಟರು. ತಾವು ಬರೆದಿಟ್ಟುದರ ಪೂರ್ಣ ಅರ್ಥವು ತಮ್ಮ ಕಾಲಕ್ಕೆ ತಿಳಿಯದೆಂಬ ಕಾರಣಕ್ಕೆ ಲೇಖನಿಯನ್ನು ಕೆಳಗಿಡಲಿಲ್ಲ. ನಮ್ಮ ಧರ್ಮಕೇಂದ್ರದ ಮೊದಲ ಹಿರಿಯರೂ ನೂರು ವರ್ಷದ ಈ ಹಬ್ಬವನ್ನು ನೋಡುವೆವೆಂದು ಕಲ್ಲು ಹೊತ್ತವರಲ್ಲ.

ಮಕ್ಕಳೊಡನೆ ಬೇಸಗೆಯ ರಾತ್ರಿ ಅಂಗಳಕ್ಕೆ ಬಂದಾಗ ಸಪ್ತರ್ಷಿಗಳ ಸಮೀಪದ ಕತ್ತಲೆಯಲ್ಲಿ ಲಾ ಸುಪೆರ್ಬಾ ಇದೆಯೆಂದು ಅವರಿಗೆ ಹೇಳೋಣ. ದುರ್ಬೀನು ಇದ್ದರೆ ಆ ಕೆಂಪು ಕಿಡಿಯನ್ನು ತೋರಿಸೋಣ. ಅದರ ಬೆಳಕು ಸುಮಾರು ಸಾವಿರ ವರ್ಷಗಳ ಹಿಂದೆ ಹೊರಟುದು. ತನ್ನಲ್ಲಿರುವುದನ್ನೆಲ್ಲ ಹೊರಗೆ ಚೆಲ್ಲುತ್ತಿರುವ ಮುದಿ ನಕ್ಷತ್ರ ಅದು. ಅದಕ್ಕೆ ಹೆಸರಿಟ್ಟವರು ಒಬ್ಬ ಗುರುಗಳು. ಅವರ ಯಂತ್ರವನ್ನು ಹೊತ್ತುದು ಒಂದು ದೇವಾಲಯದ ಕಂಬಗಳು. ಇವೆಲ್ಲವನ್ನೂ ಸೃಷ್ಟಿಸಿ ಪಾಲಿಸುವ ಸರ್ವೇಶ್ವರನಿಗೆ ಸ್ತುತಿ ಸಲ್ಲಲಿ.